ಕೈರೋದ ಹಳೆಯ ಕಾಗದಗಳೂ ಮಂಗಳೂರಿನ ಯೆಹೂದ್ಯ ವರ್ತಕನೂ

ಹರಿದುಹೋದ ಕಾಗದವನ್ನು ಒಲೆಗೆ ಹಾಕುವುದಕ್ಕೆ ನಮ್ಮಲ್ಲಿ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಆದರೂ ಪುಸ್ತಕಕ್ಕೆ ಕಾಲು ತಗಲಿದರೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ವಾಡಿಕೆಯು ಈ ನಾಡಿನ ಅನೇಕ ಮನೆಗಳಲ್ಲಿರುವುದರಿಂದ, ಯೆಹೂದ್ಯರ ಒಂದು ಪುರಾತನ ಪದ್ಧತಿಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಯಹೇಳುವುದು ಕಷ್ಟವಾಗಲಾರದು. ದೇವರ ನಾಮವನ್ನು ಬರೆದ ಹಾಳೆಯನ್ನು ಸುಡಬಾರದು, ಹರಿದೆಸೆಯಬಾರದು; ಅದು ಜೀರ್ಣವಾದಾಗ ಮೃತದೇಹವನ್ನು ಸಮಾಧಿ ಮಾಡುವಂತೆ ಮರ್ಯಾದೆಯಿಂದ ಮಣ್ಣಿಗೆ ಸೇರಿಸಬೇಕು; ಅಲ್ಲಿಯ ವರೆಗೆ ಅದನ್ನು ಒಂದು ಸ್ಥಳದಲ್ಲಿ ಕೂಡಿಡಬೇಕು. ಇದೇ ಆ ಪದ್ಧತಿ. ಹಾಗೆ ಕೂಡಿಡುವ ಸ್ಥಳಕ್ಕೆ ಗೆನೀಜಾ ಎಂದು ಹೆಸರು.

ಐಗುಪ್ತ ದೇಶದ ಹಳೆಯ ಕೈರೋದಲ್ಲಿ, ಫುಸ್ತಾತ್ ಎಂಬಲ್ಲಿ, ಬೆನ್ ಎಜ್ರಾ ಎಂಬ ಸಭಾಮಂದಿರವಿದೆ. ಅದರ ಗೋಡೆಯ ಮೇಲ್ಭಾಗದಲ್ಲಿ ಒಂದು ಕಂಡಿ; ಏಣಿ ಹತ್ತಿ ಹೋಗಿ, ಆ ಕಂಡಿಯ ಮೂಲಕ ಕಾಗದಗಳನ್ನು ಒಳಗಿನ ಕೋಣೆಗೆ ಹಾಕುತ್ತಿದ್ದರು. ಅಲ್ಲಿಯ ಯೆಹೂದ್ಯರು ಮಾತಾಡುತ್ತಿದ್ದುದು ಅರಬ್ಬೀ ಭಾಷೆ. ಆದರೆ ಅದನ್ನು ಹೆಚ್ಚಾಗಿ ಬರೆಯುತ್ತಿದ್ದುದು ಇಬ್ರಿಯ ಅಕ್ಷರಗಳಲ್ಲಿ. ಪರಿಶುದ್ಧ ಗ್ರಂಥದ ಲಿಪಿಯಲ್ಲಿದ್ದುದೆಲ್ಲವೂ ಪೂಜ್ಯವೆಂಬ ಭಾವನೆಯಿಂದ ಅಂಗಡಿಯ ಲೆಕ್ಕ, ಮದುವೆಯ ಒಡವೆಗಳ ಪಟ್ಟಿ, ವಿಧವೆಯ ಅರ್ಜಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ ಮುಂತಾದುವೆಲ್ಲ ಪ್ರಾರ್ಥನೆಯ ಪುಸ್ತಕಗಳ ಜೊತೆಯಲ್ಲಿಯೇ ಆ ಕೋಣೆಯನ್ನು ಸೇರಿದುವು. ಮಣ್ಣಿಗೆ ಸೇರಿಸುವ ಕೆಲಸವು ಮಾತ್ರ ನಡೆಯದೆ ಹೋಯಿತು. ಮಳೆಯಿಲ್ಲದ ದೇಶವಾದುದರಿಂದ ಅವು ಗೆದ್ದಲಿಗೂ ತೇವಕ್ಕೂ ತುತ್ತಾಗದೆ ಸುಮಾರು ಒಂಬತ್ತು ಶತಮಾನ ಉಳಿದುಕೊಂಡವು. ಕರಾವಳಿಯ ಮಳೆಗಾಲವನ್ನು ಬಲ್ಲ ನಮಗೆ ಇದು ಸಾಮಾನ್ಯವಾದ ಸಂಗತಿಯೆಂದು ತೋರುವುದಿಲ್ಲ.

ಈ ನಿಧಿಯು ಲೋಕಕ್ಕೆ ಪ್ರಸಿದ್ಧವಾದುದು ಇಬ್ಬರು ಮಹಿಳೆಯರ ಮೂಲಕ. ಆಗ್ನೆಸ್ ಸ್ಮಿತ್ ಲೂಯಿಸ್, ಮಾರ್ಗರೆಟ್ ಡನ್‌ಲಪ್ ಗಿಬ್ಸನ್ ಎಂಬವರು 1843ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವಳಿ ಸಹೋದರಿಯರು. ಯಾವ ವಿಶ್ವವಿದ್ಯಾನಿಲಯದ ಪದವಿಯೂ ಇಲ್ಲದ ಇವರು ಗ್ರೀಕ್, ಅರಬ್ಬೀ, ಸುರಿಯಾನಿ ಭಾಷೆಗಳನ್ನು ಕಲಿತು, 1892ರಲ್ಲಿ ಸೀನಾಯಿ ಬೆಟ್ಟದ ಮಠಕ್ಕೆ ಹೋದಾಗ, ಸುವಾರ್ತೆಗಳ ಅತಿ ಪುರಾತನವಾದ ಸುರಿಯಾನಿ ಪ್ರತಿಯೊಂದನ್ನು ಆಗ್ನೆಸರು ಕಂಡುಹಿಡಿದರು. 1896ರಲ್ಲಿ ಅವರು ಪೂರ್ವದೇಶದಿಂದ ಕೊಂಡುತಂದ ಕೆಲವು ಹಾಳೆಗಳನ್ನು ಕೇಂಬ್ರಿಜಿನ ಯೆಹೂದ್ಯ ಪಂಡಿತ ಸಾಲೊಮನ್ ಶೆಕ್ಟರರಿಗೆ ತೋರಿಸಲು, ಅವುಗಳಲ್ಲೊಂದು ಬೆನ್ ಸೀರಾ ಎಂಬ ಜ್ಞಾನಿಯ ಗ್ರಂಥದ ಇಬ್ರಿಯ ಮೂಲದ ಹಾಳೆಯೆಂದು ಅವರು ಗುರುತಿಸಿದರು. ಆ ವರುಷದ ಕೊನೆಯಲ್ಲಿ ಶೆಕ್ಟರರು ಕೈರೋಗೆ ತೆರಳಿ ಸುಮಾರು 1,90,000 ತುಣುಕುಗಳನ್ನು ಕೇಂಬ್ರಿಜಿಗೆ ತಂದರು. ಆ ವಿಶ್ವವಿದ್ಯಾನಿಲಯವು ಹೆಂಗಸರಿಗೆ ಪೂರ್ಣ ಪದವಿಯನ್ನು ಕೊಡಲೊಪ್ಪಿದುದು 1948ರಲ್ಲಿ. ಸಹೋದರಿಯರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ.

ಆ ತುಣುಕುಗಳಿಂದ ತಿಳಿಯುವ ಸಮಾಜವು ಎಂಥದು? ಅರಸರು ಮುಸಲ್ಮಾನರು, ಯೆಹೂದ್ಯರೂ ಕ್ರೈಸ್ತರೂ ಅವರ ಆಶ್ರಯದ ಪ್ರಜೆಗಳು. ಇವರು ತಲೆಗಂದಾಯವನ್ನು ತೆತ್ತು ತಮ್ಮ ಮತವನ್ನು ಆಚರಿಸಬಹುದಾಗಿತ್ತು. ಮದುವೆ, ದಾಯಭಾಗ ಮುಂತಾದ ವ್ಯಾಜ್ಯಗಳನ್ನು ತಮ್ಮ ನ್ಯಾಯಸಭೆಗಳಲ್ಲಿಯೇ ತೀರಿಸಿಕೊಳ್ಳುತ್ತಿದ್ದರು. ಬೇಕಾದರೆ ಖಾಜಿಯ ಬಳಿಗೂ ಹೋಗುತ್ತಿದ್ದರು. ಆ ತಲೆಗಂದಾಯವು ಬಡವರಿಗೆ ಎಷ್ಟು ಭಾರವಾಗಿತ್ತೆಂಬುದಕ್ಕೆ ಗೆನೀಜಾದ ಅರ್ಜಿಗಳೇ ಸಾಕ್ಷಿ. ವ್ಯಾಪಾರದಲ್ಲಿ ಮುಸಲ್ಮಾನನೂ ಯೆಹೂದ್ಯನೂ ಪಾಲುದಾರರಾಗುತ್ತಿದ್ದರು. ಕೊರಾನಿನ ಭಾಷೆಯೇ ಯೆಹೂದ್ಯರ ವಿದ್ಯೆಗೂ ಭಾಷೆಯಾಯಿತು. ಹತ್ತನೆಯ ಶತಮಾನದಲ್ಲಿ ಸಾದಿಯಾ ಎಂಬ ಮಹಾಪಂಡಿತನು ಅವರ ಧರ್ಮಗ್ರಂಥವನ್ನು ಅರಬ್ಬಿಗೆ ಭಾಷಾಂತರಿಸಿದನು.

ಇದನ್ನೆಲ್ಲ ಓದಿ, ಆ ಕಾಲವು ಬರೀ ಸೌಹಾರ್ದದ ಕಾಲವೆಂದು ಹೇಳಿಬಿಡುವವರುಂಟು. ನಾವು ಅದನ್ನು ಒಪ್ಪಲಾರೆವು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಖಲೀಫ ಅಲ್‌-ಹಾಕಿಮನು ಚರ್ಚುಗಳನ್ನೂ ಸಭಾಮಂದಿರಗಳನ್ನೂ ಕೆಡವಿಸಿದನು. ಬೆನ್ ಎಜ್ರಾ ಮಂದಿರವೂ ಆಮೇಲೆ ಮತ್ತೆ ಕಟ್ಟಲ್ಪಟ್ಟುದೇ. ತತ್ತ್ವಜ್ಞಾನಿಯೂ ವೈದ್ಯನೂ ಆಗಿದ್ದ ಮೈಮೊನಿಡೀಸನ ಮನೆಯವರು ಅಲ್‌ಮೊಹಾದ್ ಅರಸರ ಹಿಂಸೆಯ ದೆಸೆಯಿಂದ ಸ್ಪೇಯಿನಿನ ಕೊರ್ದೊವಾ ಪಟ್ಟಣವನ್ನು ಬಿಟ್ಟು ಹೊರಡಬೇಕಾಯಿತು. ಆದರೆ ಅದೇ ಮನುಷ್ಯನಿಗೆ ಐಗುಪ್ತದಲ್ಲಿ ಆಶ್ರಯವನ್ನೂ ಆಸ್ಥಾನವೈದ್ಯನ ಪದವಿಯನ್ನೂ ಕೊಟ್ಟವರು ಕೂಡ ಮುಸಲ್ಮಾನ ಅರಸರೇ. ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ಓದಬೇಕು.

ಈ ಮೈಮೊನಿಡೀಸನ ತೀರ್ಪುಗಳಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಯವರಾದ ನಮ್ಮ ಮನಸ್ಸನ್ನು ಹಿಡಿದಿದೆ. ಗಂಡನು ಬಿಟ್ಟುಹೋದ ಒಬ್ಬಳು ಹೆಂಗಸು ಮಕ್ಕಳಿಗೆ ಧರ್ಮಗ್ರಂಥವನ್ನು ಕಲಿಸುತ್ತಾ ಶಾಲೆ ನಡಸಿ ಸಂಸಾರವನ್ನು ಸಾಕಿಕೊಂಡಿದ್ದಳು. ವರುಷಗಳ ಮೇಲೆ ಹಿಂದಿರುಗಿದ ಗಂಡನು, ಮಕ್ಕಳ ತಂದೆಗಳೊಡನೆ ಮಾತಾಡಬೇಕಾಗುವ ಈ ಕೆಲಸವು ತನ್ನ ಮಾನಕ್ಕೆ ಕುಂದೆಂದು ದೂರಿಟ್ಟನು. ಶಾಲೆಯೆಂಬುದು ಮನಸ್ಸು ಬಂದಾಗ ತೆರೆದು ಬೇಡವಾದಾಗ ಮುಚ್ಚುವ ಅಂಗಡಿಯಲ್ಲವೆಂದು ಆಕೆ ಉತ್ತರ ಕೊಟ್ಟಳು. ತಡೆಯುವ ಅಧಿಕಾರವು ಗಂಡನಿಗುಂಟೆಂದು ಮೈಮೊನಿಡೀಸನು ಹೇಳದೆ ಇರಲಾಗಲಿಲ್ಲ. ಆದರೆ ಆಕೆ ತನಗೆ ಬರತಕ್ಕ ಹಣವನ್ನು ಬಿಟ್ಟುಕೊಟ್ಟು ವಿವಾಹವಿಮೋಚನೆಯನ್ನು ಪಡೆಯಬಹುದೆಂದೂ, ಅನಂತರ ತನ್ನ ಇಷ್ಟದಂತೆ ಕಲಿಸಬಹುದೆಂದೂ ದಾರಿ ತೋರಿಸಿದನು. ಆ ದಾರಿಯ ಬೆಲೆಯನ್ನು ಹೆಂಗಸೇ ತೆರಬೇಕಾಗಿತ್ತೆಂಬುದನ್ನು ನಾವು ಮರೆಯಲಾರೆವು.

ಇನ್ನು ಮಂಗಳೂರಿನ ವಿಷಯ. ಗೆನೀಜಾದ ಕಾಗದಗಳಲ್ಲಿ ಮಂಜರೂರ್ ಎಂಬ ಹೆಸರು ಬರುತ್ತದೆ. ಟುನೀಸಿಯ ದೇಶದ ಮಹ್ದಿಯಾ ಪಟ್ಟಣದ ಅಬ್ರಹಾಂ ಬೆನ್ ಯೀಜೂ ಎಂಬ ಯೆಹೂದ್ಯನು, ತುಳುನಾಡನ್ನು ಆಳುಪರು ಆಳುತ್ತಿದ್ದ ಕಾಲದಲ್ಲಿ, ಸುಮಾರು 1132ರಲ್ಲಿ ಈ ಕರೆಗೆ ಬಂದು ಹದಿನೇಳು ವರುಷಗಳ ಮಟ್ಟಿಗೆ ವ್ಯಾಪಾರ ಮಾಡಿದನು. ಇಲ್ಲಿಂದ ಅವನು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಅವನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನವರು ಒಡೆದ ಪಾತ್ರೆಗಳನ್ನು ಅಳತೆಯ ವಿವರಗಳೊಡನೆ ಕಳುಹಿಸಿದರೆ ಇಲ್ಲಿಯ ಕೆಲಸಗಾರರು ಅವುಗಳನ್ನು ಕರಗಿಸಿ ಹೊಸದಾಗಿ ಎರೆದು ಕೊಡುತ್ತಿದ್ದರು. ಅಲ್ಲಿಂದ ಅವನಿಗೆ ಬರುತ್ತಿದ್ದುವು ಸಕ್ಕರೆ, ಒಣದ್ರಾಕ್ಷಿ, ಎಲ್ಲಕ್ಕಿಂತ ಹೆಚ್ಚಾಗಿ ಬರೆಯುವ ಕಾಗದ. ಅದು ಈ ದೇಶದಲ್ಲಿ ದೊರೆಯುತ್ತಿರಲಿಲ್ಲ. ಆದುದರಿಂದ ಬಂದ ಪತ್ರಗಳಲ್ಲಿ ಖಾಲಿಯಿದ್ದ ಸ್ಥಳದಲ್ಲಿಯೂ ಅವನು ಲೆಕ್ಕಗಳನ್ನು ಬರೆದಿಟ್ಟಿದ್ದಾನೆ. ಏಡನ್ನಿನ ಯೆಹೂದ್ಯರ ಮುಖಂಡನಾದ ಮದ್ಮೂನನು ಮಂಗಳೂರಿನ ಹಿಂದೂ ವರ್ತಕರಿಗೆ ಬೆನ್ ಯೀಜೂವಿನ ಮೂಲಕ ಕುಶಲವನ್ನು ಹೇಳಿಕಳುಹಿಸಿ, ಪಾಲಿನ ವ್ಯಾಪಾರಕ್ಕೆ ಕರೆದುದೂ ಪತ್ರಗಳಲ್ಲಿದೆ. ಸಮುದ್ರದಾಚೆ ಕಂಡರಿಯದವನ ಮಾತನ್ನು ನಂಬಿ ಸರಕು ಕಳುಹಿಸುವ ಆ ಧೈರ್ಯಕ್ಕೆ ಪ್ರತಿಯೊಬ್ಬನಿಗೂ ಅವನವನ ದೇವರ ಭಯವೇ ಜಾಮೀನಾಗಿತ್ತೆಂದು ನಮ್ಮ ಅಭಿಪ್ರಾಯ. ಲಾಭದ ಆಶೆಯೊಂದೇ ಸಾಲುತ್ತಿರಲಿಲ್ಲ.

ಬೆನ್ ಯೀಜೂವಿಗೆ ಒಬ್ಬ ದಾಸನಿದ್ದನು. ಅವನ ಹೆಸರನ್ನು ಬೊಮ್ಮನೆಂದು ಓದಿ, ಅವನ ಜಾಡನ್ನು ಹಿಡಿದು ಅಮಿತಾವ್ ಘೋಷರು 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದಾಸನಾದರೂ ಅವನು ಒಡೆಯನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದನು. ಒಮ್ಮೆ ಅಲ್ಲಿ ಕುಡಿದು ಹಣ ಕೇಳಿದ ದೂರೂ ಇದೆ. ಆದರೂ ಪತ್ರಗಳಲ್ಲಿ ಅವನಿಗೆ ಸಹೋದರನೆಂದೇ ವಂದನೆ. ದಾಸತ್ವವನ್ನು ಆ ಕಾಲದ ಯಾವ ಮತವೂ ನಿಷೇಧಿಸಿರಲಿಲ್ಲವೆಂಬುದನ್ನು ಮಾತ್ರ ಇಲ್ಲಿ ಮುಚ್ಚಿಡುವುದು ಸರಿಯಲ್ಲ.

1132ನೆಯ ಇಸವಿ ಅಕ್ಟೋಬರ್ 17ರಂದು ಇದೇ ವರ್ತಕನು ಆಶು ಎಂಬ ಒಬ್ಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಆಕೆ ಈ ಕರಾವಳಿಯ ಹೆಣ್ಣೆಂದೂ, ಅನಂತರ ಅವನ ಹೆಂಡತಿಯಾಗಿ ಅವನ ಮಕ್ಕಳನ್ನು ಹೆತ್ತವಳೆಂದೂ ವಿದ್ವಾಂಸರು ಊಹಿಸಿದ್ದಾರೆ. 1149ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಹಿಂದಿರುಗಿದನು. ಮಗಳಾದ ಸಿತ್ ಅಲ್‌-ದಾರಳನ್ನು ಅಲ್ಲಿ ಒಬ್ಬ ಸ್ನೇಹಿತನು ತನ್ನ ಮಗನಿಗೆ ಕೇಳಿದರೂ, ಸ್ವಂತ ಅಣ್ಣತಮ್ಮಂದಿರ ಮಗನಿಗೇ ಕೊಡಬೇಕೆಂದು ಅವನ ಹಠ. 1156ರಲ್ಲಿ ಐಗುಪ್ತದಲ್ಲಿ ಆಕೆಯ ಮದುವೆಯು ಅವಳ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲೊಬ್ಬನಾದ ಪೆರಹ್ಯಾ ಎಂಬವನೊಡನೆ ನಡೆಯಿತು. ಆ ಮದುವೆಯ ಲೇಖವೂ ಗೆನೀಜಾವನ್ನು ಸೇರಿತು. ಆಶು ಅವರೊಡನೆ ಹೋದಳೆಂಬುದಕ್ಕೆ ಯಾವ ಪತ್ರದಲ್ಲಿಯೂ ಸುಳಿವಿಲ್ಲ. ಅಷ್ಟು ಕಾಗದಗಳ ರಾಶಿಯಲ್ಲಿ ಆಕೆ ತಾನಾಗಿ ಬರೆಸಿದ ಒಂದು ಸಾಲೂ ದೊರೆತಿಲ್ಲ.