ಪತ್ತನಾಜೆಗೆ ಮೊದಲು ಮಾಡಿನಂಚಿನಲ್ಲಿ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೊರಟ ಬಸ್ಸಿನಿಂದ ಆಲಂಕಾರು ಪೇಟೆಯಲ್ಲಿ ಇಳಿದು, ಡಾಂಬರು ರಸ್ತೆ ಬಿಟ್ಟು ತೋಟದ ದಾರಿಗೆ ಹೊರಳಿದರೆ, ಮೇ ತಿಂಗಳ ಈ ದಿನಗಳಲ್ಲಿ ಮೊದಲು ಕಿವಿಗೆ ಬೀಳುವುದು ಸುತ್ತಿಗೆಯ ಸದ್ದು. ಒಂದು ಮನೆಯಲ್ಲಿ ಹಟ್ಟಿಯ ಮಾಡಿಗೆ ಶೀಟು ಹೊಡೆಯುತ್ತಿದ್ದಾರೆ, ಮತ್ತೊಂದರಲ್ಲಿ ಜಗಲಿಗೆ ಎರಚಲು ಬಾರದ ಹಾಗೆ ಮಡಲಿನ ತಟ್ಟಿ ಕಟ್ಟುತ್ತಿದ್ದಾರೆ, ಇನ್ನೊಂದರಲ್ಲಿ ಅಂಗಳದಲ್ಲಿ ಒಣಗಿದ ಅಡಿಕೆಯ ಕೊನೆಯ ರಾಶಿಯನ್ನು ಗೋಣಿಗೆ ತುಂಬುತ್ತಿದ್ದಾರೆ. ಗಾಳಿಯಲ್ಲಿ ಹಲಸಿನ ಹಣ್ಣಿನ ವಾಸನೆ. ಶಾಂತಿಮೊಗರಿನ ಕಡೆ, ಕುಮಾರಧಾರೆಯ ಮೇಲ್ಭಾಗದ ಆಕಾಶದಲ್ಲಿ, ಮಧ್ಯಾಹ್ನದ ಹೊತ್ತಿಗೇ ಕಪ್ಪು ಕಟ್ಟುತ್ತದೆ. ಸಂಜೆಗೆ ಗುಡುಗಿ, ನಾಲ್ಕು ಹನಿ ಉದುರಿಸಿ, ಕಾದ ಮುರಕಲ್ಲಿನ ಅಂಗಳದಿಂದ ಮಣ್ಣಿನ ಘಮ ಎಬ್ಬಿಸಿ ಹೋಗುತ್ತದೆ. ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಕೋಲ, ಜಾತ್ರೆ, ಬಯಲಾಟಗಳ ಗೆಜ್ಜೆ ಬಿಚ್ಚಿದ ಮೇಲೆ ಈ ಸೀಮೆ ಮಳೆಯದ್ದು. ಅದಕ್ಕೆ ಮೊದಲು ಮಾಡಿನ ಕೆಲಸ ಮುಗಿಯಬೇಕೆಂಬುದು ಹಳಬರ ಲೆಕ್ಕ.

ದಾರಿ ತಿರುಗಿದಲ್ಲಿ ಒಂದು ಹಂಚಿನ ಮನೆ. ಬನ್ನಿ, ಇದರ ಸುತ್ತ ಒಂದು ಸುತ್ತು ಬರೋಣ. ಮುರಕಲ್ಲಿನ ಗೋಡೆ, ಎರಡು ಇಳಿಜಾರಿನ ಮಾಡು, ಹಿಂದೆ ಗುಡ್ಡೆ ಕಡಿದು ಮಾಡಿದ ಬರೆ, ಮುಂದೆ ಅಂಗಳ, ಅಂಗಳದ ಕೆಳಗೆ ತೋಟ. ಮಾಡಿನಂಚಿನಲ್ಲಿ ಮಳೆನೀರು ಹಿಡಿದು ಸಾಗಿಸುವ ದಂಬೆಗಳು, ಮೂರು ಕಾಲದವು, ಒಟ್ಟಿಗೆ ಕಾಣುತ್ತವೆ. ಎದುರಿನ ಜಗಲಿಗೆ ತಗಡಿನದ್ದು, ಪಕ್ಕದ ಇಳಿಮಾಡಿಗೆ ಪಿವಿಸಿಯದ್ದು, ಹಟ್ಟಿಗೆ ಅಡಿಕೆ ಮರದ್ದು.

ತಗಡಿನ ದಂಬೆಗೆ ಬಿದಿರಿನ ಏಣಿ ಒರಗಿದೆ. ಮೇಲೆ ಹತ್ತಿದವರ ಕೈಯಲ್ಲಿ ಮೋಟು ಹಿಡಿಸೂಡಿ, ಸೊಂಟದಲ್ಲಿ ಕತ್ತಿ. ಗುಡಿಸಿದ್ದೆಲ್ಲ ದಪದಪನೆ ಕೆಳಗೆ ಬೀಳುತ್ತದೆ: ಕಪ್ಪಾದ ಹಲಸಿನ ಎಲೆ, ಹಿಂಗಾರದ ಒಣಚೂರು, ಹಂಚಿನಿಂದ ಕಳಚಿದ ಪಾಚಿಯ ಹಕ್ಕಳೆ, ಮಂಗ ಹಾರಿ ಒಡೆದ ಹಂಚಿನ ಒಂದು ತುಂಡು. ಆ ತುಂಡಿನ ಹಿಂದೆ ಎಲೆ ನಿಂತು, ಎಲೆಯ ಹಿಂದೆ ಮಣ್ಣು ನಿಂತು, ಮಣ್ಣಿನಲ್ಲಿ ಗೇಣುದ್ದದ ಅಶ್ವತ್ಥದ ಸಸಿ. ಕಿತ್ತರೆ ಕೂದಲಿನಷ್ಟು ತೆಳ್ಳಗಿನ ಬೇರು ದಂಬೆಯ ಜೋಡಣೆಯ ಸಂದಿಯೊಳಗಿಂದ ಉದ್ದಕ್ಕೂ ಎದ್ದು ಬರುತ್ತದೆ. ಇನ್ನೆರಡು ಮಳೆಗಾಲ ಬಿಟ್ಟಿದ್ದರೆ ಅದೇ ಬೇರು ಗೋಡೆಯ ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ಕೆಳಗೆ ಬಿದ್ದ ಕಪ್ಪು ಗೊಬ್ಬರವನ್ನು ಮನೆಯಾಕೆ ಗೆರಸೆಯಲ್ಲಿ ಬಾಚಿ ಮಲ್ಲಿಗೆ ಬುಡಕ್ಕೆ ಹಾಕುತ್ತಾರೆ.

"ಅಕ್ಕಾ, ಒಂದು ಕೊಡಪಾನ ನೀರು ಕೊಡಿ" ಎಂದು ಏಣಿಯ ಮೇಲಿನಿಂದ ಕರೆ.

ಈ ನೀರು ಕುಡಿಯಲಿಕ್ಕಲ್ಲ. ದಂಬೆಯ ಎತ್ತರದ ತುದಿಯಲ್ಲಿ ನಿಧಾನಕ್ಕೆ ಹೊಯ್ದು ನೋಡುತ್ತಾರೆ. ನೀರು ಮೊದಲು ಚುರುಕಾಗಿ ಓಡುತ್ತದೆ, ನಡುವೆ ಒಂದು ಕಡೆ ತಡೆದು ಕೆರೆ ಕಟ್ಟುತ್ತದೆ, ಆಮೇಲೆ ಸಣ್ಣಗೆ ಹರಿಯುತ್ತದೆ. "ಇಲ್ಲಿ ಕೂತಿದೆ ನೋಡಿ" ಎನ್ನುತ್ತಾರೆ. ಕೂತದ್ದಕ್ಕೆ ಕಾರಣ ಆ ಜಾಗದ ಹಿಡಿಕೆ. ಹಂಚು ಹೊರುವ ಪಕ್ಕಾಸಿನ ತುದಿಗೆ ಹೊಡೆದ ಮೊಳೆ ಅರ್ಧ ಇಂಚು ಹೊರಗೆ ಬಂದಿದೆ. ಮೊಳೆ ಸಡಿಲಾಗಲು ಕಾರಣ ಪಕ್ಕಾಸು; ಅದರ ತುದಿಯನ್ನು ಕತ್ತಿಯ ಮೊನೆಯಿಂದ ಚುಚ್ಚಿದರೆ ಮರ ಮೆತ್ತಗೆ ಒಳಗೆ ಹೋಗುತ್ತದೆ. ಪಕ್ಕಾಸು ಕುಂಬಾಗಲು ಕಾರಣ ಮತ್ತೆ ದಂಬೆಯೇ: ಕಸ ಕಟ್ಟಿದ ಕಡೆ ನೀರು ಹಿಂದಕ್ಕೆ ಉಕ್ಕಿ ಮರಕ್ಕೆ ತಾಗಿದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ದಂಬೆಗೆ ತೂತು ಬಿದ್ದ ದಿನ ಅದು ಹಾಳಾಯಿತೆಂದು ನಾವು ತಿಳಿಯುತ್ತೇವೆ; ಹಾಳಾಗಲು ಶುರುವಾದದ್ದು ಅದಕ್ಕೆ ಎಷ್ಟೋ ಮೊದಲು, ಒಂದು ಹಿಡಿ ಎಲೆ ನಿಂತಾಗ.

ಹೊಸ ಪಕ್ಕಾಸಿನ ತುದಿಗೆ ಗೇರೆಣ್ಣೆ ಬಳಿಯುತ್ತಾರೆ. ಅದರ ಖಾರ ವಾಸನೆ ಮೂಗಿಗೆ ಹತ್ತುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಕೋಲಿನ ತುದಿಗೆ ಬಟ್ಟೆ ಸುತ್ತಿ ದೂರದಿಂದಲೇ ಬಳಿಯಬೇಕು. ಗೆದ್ದಲು ಅದರ ಹತ್ತಿರ ಬರುವುದು ಕಡಿಮೆ. ಹತ್ತಡಿಗೆ ಒಂದಿಂಚು ಇಳಿಜಾರು ಸಿಗುವಂತೆ ನೂಲು ಹಿಡಿದು ಹಿಡಿಕೆಗಳನ್ನು ಮತ್ತೆ ಹೊಡೆಯುತ್ತಾರೆ. ಎರಡನೆಯ ಕೊಡಪಾನದ ನೀರು ಎಲ್ಲಿಯೂ ನಿಲ್ಲದೆ ಓಡಿದಾಗಲೇ ಏಣಿ ಮುಂದಕ್ಕೆ ಸರಿಯುವುದು.

ಏಣಿ ಸರಿಯುವಷ್ಟರಲ್ಲಿ ಗೋಡೆ ನೋಡೋಣ. ಮೇಲೆ ಹತ್ತದೆಯೇ ದಂಬೆಯ ಸುದ್ದಿ ತಿಳಿಯಬೇಕಾದರೆ ಗೋಡೆಯನ್ನೇ ಕೇಳಬೇಕು. ಸುಣ್ಣದ ಮೇಲೆ ಮೇಲಿನಿಂದ ಕೆಳಕ್ಕೆ ಹರಿದ ಕಂದು ಗೆರೆ ಇದ್ದರೆ, ಅದರ ನೇರ ಮೇಲೆ ತಗಡು ತುಕ್ಕು ಹಿಡಿದಿದೆ. ಪಟ್ಟಿಯಾಗಿ ಹಸಿರು ಪಾಚಿ ಕಟ್ಟಿದ್ದರೆ ಅಲ್ಲಿ ಜೋಡಣೆ ಸೋರುತ್ತಿದೆ. ನೆಲದಿಂದ ಮೊಣಕಾಲೆತ್ತರದವರೆಗೆ ಕೆಂಪು ಮಣ್ಣಿನ ಸಿಡಿಕಲೆ ಇದ್ದರೆ ದಂಬೆ ತುಂಬಿ ಹೊರಚೆಲ್ಲಿ ಅಂಗಳಕ್ಕೆ ಹೊಡೆದಿದೆ. ಈ ಮನೆಯ ಮೂಲೆಯಲ್ಲಿ ಗಾರೆ ಎದ್ದುಹೋಗಿ ಮುರಕಲ್ಲು ಕಾಣುತ್ತಿದೆ. ಬೆರಳಿನಿಂದ ಉಜ್ಜಿದರೆ ಹಳದಿ ಜೇಡಿ ಉದುರುತ್ತದೆ. ಮುರಕಲ್ಲು ಬಿಸಿಲು ಗಾಳಿಗೆ ಗಟ್ಟಿಯಾಗುವ ಕಲ್ಲು, ಆದರೆ ಒಂದೇ ಜಾಗಕ್ಕೆ ನೀರು ಹೊಡೆಯುತ್ತಲೇ ಇದ್ದರೆ ಅದರೊಳಗಿನ ಜೇಡಿ ಕರಗಿ ಕಲ್ಲು ಜೊಳ್ಳಾಗುತ್ತದೆ. ಅದಕ್ಕೆ ಬಣ್ಣ ಬಳಿದು ಪ್ರಯೋಜನವಿಲ್ಲ.

ಎಷ್ಟು ನೀರು ಅದು? ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಮಳೆ 4,000 ಮಿಲಿಮೀಟರಿನ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಹಾಗೆ ನೋಡಿದರೆ ಸಾವಿರ ಚದರಡಿಯ ಮಾಡಿನಿಂದ ವರ್ಷಕ್ಕೆ ಮೂರೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಇಳಿಯುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಗಂಟೆಗೆ 50 ಮಿಲಿಮೀಟರು ಸುರಿದರೆ ಆ ಮಾಡಿನ ಒಂದು ಮಗ್ಗುಲ ದಂಬೆ ಮಾತ್ರ ಆ ಗಂಟೆಯಲ್ಲಿ 2,300 ಲೀಟರು ಸಾಗಿಸಬೇಕು. ಮಾಡು ಬದಲಾದ ಹಾಗೆ ನೀರು ಇಳಿಯುವ ಬಗೆಯೂ ಬದಲಾಗಿದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನಕ್ಕೆ ಮುಳಿಹುಲ್ಲಿನ ಮಾಡುಗಳು ಹಂಚಿಗೆ ಬದಲಾದವು. ಹುಲ್ಲಿನ ಮಾಡಿನಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಹಂಚಿನ ತೋಡಿನಲ್ಲಿ ಎಳೆ ಕಟ್ಟಿ ಇಳಿಯುತ್ತದೆ. ಈಗ ಟೆರೇಸಿನ ಮೇಲೂ ಹಾಕುತ್ತಿರುವ ಉದ್ದುದ್ದ ಶೀಟಿನಲ್ಲಿ ಎಷ್ಟು ವೇಗದಿಂದ ಬರುತ್ತದೆಂದರೆ ಕಿರಿದಾದ ದಂಬೆಯನ್ನು ದಾಟಿ ಹೊರಗೇ ಹಾರುತ್ತದೆ. ಶೀಟು ಹಾಕಿಸುವವರು ಬೆಲೆ ವಿಚಾರಿಸುವಷ್ಟೇ ಕಾಳಜಿಯಿಂದ ದಂಬೆಯ ಅಗಲವನ್ನೂ ವಿಚಾರಿಸಬೇಕು.

ಹಟ್ಟಿಯ ಬದಿಯಲ್ಲಿ ಅಷ್ಟರಲ್ಲಿ ಬೇರೆಯೇ ಸದ್ದು. ಬಲಿತು ಒಣಗಿದ ಅಡಿಕೆ ಮರವನ್ನು ಸೀಳಿ ಅಂಗಳದಲ್ಲಿ ಮಲಗಿಸಿದ್ದಾರೆ. ಹೊರಗಿನ ಸಿಪ್ಪೆಯಂಥ ಭಾಗ ಕಬ್ಬಿಣದಷ್ಟು ಗಟ್ಟಿ, ಒಳಗಿನ ತಿರುಳು ನಾರುನಾರು. ಬಾಚಿಯಿಂದ ತಿರುಳು ಕೆತ್ತುತ್ತಾ ಹೋದ ಹಾಗೆ ನಸುಹಳದಿಯ ಎಳೆಗಳು ಕಾಲ ಬುಡದಲ್ಲಿ ರಾಶಿ ಬೀಳುತ್ತವೆ, ಉದ್ದನೆಯ ಒಂದು ತೋಡು ಮೂಡುತ್ತದೆ. ಕೈಯಾಡಿಸಿದರೆ ಸಿಬಿರು ಚುಚ್ಚುತ್ತದೆ. ದುಡ್ಡಿನ ಖರ್ಚಿಲ್ಲ, ಬಾಳಿಕೆಯೂ ಒಂದೆರಡು ಮಳೆಗಾಲವಷ್ಟೆ. ಎರಡು ದಂಬೆ ಜೋಡಿಸುವಲ್ಲಿ ಮೇಲಿನದರ ತುದಿ ಕೆಳಗಿನದರ ಒಳಗೆ ಕೂರಬೇಕು. ಹಿಂದುಮುಂದಾದರೆ ನೀರೆಲ್ಲ ಸಂದಿಯಿಂದಲೇ ಇಳಿದುಹೋಗುತ್ತದೆ. ತಗಡಿಗೂ ಇದೇ ನಿಯಮ.

ಪಿವಿಸಿಗೆ ತುಕ್ಕಿಲ್ಲ, ಅದರ ಕಷ್ಟ ಬಿಸಿಲು. ಆರು ಮೀಟರಿನ ತುಂಡು ಬೆಳಗಿನ ತಂಪಿನಿಂದ ನಡುಮಧ್ಯಾಹ್ನದ ಕಾವಿಗೆ ಬರುವಷ್ಟರಲ್ಲಿ ಒಂದು ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ಸರಿಗೆ ಬಿಗಿದು, ಎರಡೂ ತುದಿ ಅಂಟಿಸಿ ಕಟ್ಟಿದರೆ ಅದು ಬಿಲ್ಲಿನ ಹಾಗೆ ಬಾಗಿ ಜೋಡಣೆ ಬಿಡುತ್ತದೆ. ಅಲುಗಾಡಲು ಸ್ವಲ್ಪ ಜಾಗ ಬಿಡಬೇಕು.

ಕೊನೆಗೆ ನೀರು ಬೀಳುವ ತಾಣ. ಈ ಮನೆಯಲ್ಲಿ ದಂಬೆಯ ಬಾಯಿಯಡಿ ಒಂದು ಚಪ್ಪಟೆ ಕಲ್ಲು, ಅಲ್ಲಿಂದ ಕಣಿ, ಕಣಿಯಿಂದ ತೋಟದ ಬದಿಯ ಇಂಗುಗುಂಡಿ. ಪುತ್ತೂರಿನಿಂದ 1988ರಲ್ಲಿ ಹೊರಟ ಕೃಷಿ ಮಾಸಿಕ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಬಳಗದ ಶ್ರೀಪಡ್ರೆಯವರು ಮಾಡಿನ ನೀರನ್ನು ನೆಲಕ್ಕೆ ಇಂಗಿಸುವ ಪಾಠವನ್ನು ಈ ಸೀಮೆಯ ಕೃಷಿಕರಿಗೆ ವರ್ಷಗಟ್ಟಲೆ ಹೇಳಿದ್ದಾರೆ. ಅದರಿಂದ ಬಾವಿಗೂ ಒಳ್ಳೆಯದು. ಆದರೆ ಮನೆ ಹಿಂದಿನ ಬರೆಯ ನೆತ್ತಿಯಲ್ಲಿ ಗುಂಡಿ ತೋಡಬಾರದು, ಅಲ್ಲಿಗೆ ದಂಬೆಯ ನೀರನ್ನೂ ತಿರುಗಿಸಬಾರದು. ನೀರು ಕುಡಿದ ಮಣ್ಣು ಭಾರವಾಗಿ ಬರೆ ಜರಿಯುತ್ತದೆ, ಮನೆ ಅದರ ಬುಡದಲ್ಲಿರುತ್ತದೆ.

ದಂಬೆಯೊಳಗೆ ನೀರು ನಿಂತರೆ ಇನ್ನೊಂದು ಕೇಡು ಇದೆ. ಡೆಂಗಿ ಹರಡುವ ಸೊಳ್ಳೆಗೆ ಅಂಗೈಯಷ್ಟು ನಿಂತ ನೀರು ಸಾಕು. ಮೊಟ್ಟೆ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ. ತೋಟದ ಹಾಳೆ, ರಬ್ಬರಿನ ಚಿಪ್ಪು ಕವುಚುವ ನಾವು ತಲೆ ಮೇಲಿನ ದಂಬೆಯನ್ನು ಮರೆಯುತ್ತೇವೆ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟು ಎರಡೇ ದಿನದಲ್ಲಿ ನಮ್ಮ ಕರಾವಳಿಯನ್ನೂ ಹಿಡಿಯಿತು. ಜೂನ್ ಬರಲಿ ಎಂದು ಕೂತವರಿಗೆ ಏಣಿ ಹತ್ತಲು ಬಿಡುವು ಸಿಗಲಿಲ್ಲ. ಒದ್ದೆ ಅಂಗಳದಲ್ಲಿ ಏಣಿ ಜಾರುತ್ತದೆ, ಮಾಡಿನಂಚಿನ ಹತ್ತಿರವೇ ಕರೆಂಟಿನ ಸರ್ವಿಸ್ ವಯರು ಇರುತ್ತದೆ. ಆದ್ದರಿಂದ ದಂಬೆಯ ಕೆಲಸವನ್ನು ಮೇ ಮಧ್ಯದೊಳಗೆ, ನೆಲ ಒಣಗಿರುವಾಗ, ಕೆಳಗೊಬ್ಬರು ಏಣಿ ಹಿಡಿದು ನಿಂತಿರುವಾಗ ಮುಗಿಸಿಬಿಡಿ. ಮತ್ತೆ ಮೊದಲ ದೊಡ್ಡ ಮಳೆ ಸುರಿಯುವಾಗ ಜಗಲಿಯಲ್ಲಿ ಕೂರಬೇಡಿ. ಗುಡುಗು ಸಿಡಿಲು ಇಲ್ಲದ ಹೊತ್ತು ನೋಡಿ, ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಎಲ್ಲಿ ಚೆಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ನೋಡಿ ಗೋಡೆಗೊಂದು ಮಸಿಯ ಗುರುತು ಹಾಕಿ, ಮಳೆ ಬಿಟ್ಟ ದಿನವೇ ಸರಿಮಾಡಿಸಿ.