ಹನ್ನೆರಡು ಬೈಟಿನ ಶಂಕರ

‘ಸಾರೇ, ಕಾಸರಗೋಡಿನವರ ಹೆಸರಿನ ಮುಂದೆ ಕೊಲ್ಲಂ ವಿಳಾಸ ಹೇಗೆ ಬಂತು?’

ತಿರುವನಂತಪುರದ ಕಳಕ್ಕೂಟ್ಟಂ ಕಚೇರಿಯಿಂದ ಸಹೋದ್ಯೋಗಿಯ ಫೋನು. ಕೊಚ್ಚಿಯ ಕಾಕ್ಕನಾಡಿನಲ್ಲಿ ಮನೆಗೆ ಹೊರಟಿದ್ದವನು ಮತ್ತೆ ಕುರ್ಚಿ ಎಳೆದುಕೊಂಡೆ. ಮರುದಿನ ಬೆಳಿಗ್ಗೆ ಅದೇ ಪಟ್ಟಿಯಿಂದ ಸಾಲಗಾರರಿಗೆ ಕಂತಿನ ನೆನಪೋಲೆ ಹೋಗಬೇಕಿತ್ತು. ಒಬ್ಬರ ಸಾಲದ ಲೆಕ್ಕ ಇನ್ನೊಬ್ಬರ ಮನೆ ಸೇರುತ್ತಿತ್ತು.

ಫೈಲ್ 20 ಜಿಬಿಗೂ ದೊಡ್ಡದು. ಒಂದು ದಾಖಲೆಗಾಗಿ ಪ್ರತಿ ಸಲವೂ ಮೊದಲ ಸಾಲಿನಿಂದ ಓದುತ್ತಾ ಕೂರಲಾಗದು. ಒಮ್ಮೆ ಪೂರ್ತಿ ಓದಿ, ಯಾವ ದಾಖಲೆ ಎಷ್ಟನೇ ಬೈಟಿನಿಂದ ಶುರು, ಉದ್ದ ಎಷ್ಟು ಎಂದು ಸಣ್ಣ ಸೂಚಿ ಬರೆದಿಟ್ಟುಕೊಂಡರೆ ಸ್ಕ್ರಿಪ್ಟ್ ನೇರ ಅಲ್ಲಿಗೇ ಹಾರುತ್ತದೆ. ಆ ಸ್ಥಾನವೇ ಬೈಟ್ ಆಫ್‌ಸೆಟ್. ವಿಕಿಪೀಡಿಯ ತನ್ನ ಲೇಖನಗಳ ಸಂಗ್ರಹವನ್ನು ಡೌನ್‌ಲೋಡ್‌ಗೆ ಕೊಡುವಾಗಲೂ ಇದೇ ಉಪಾಯ: ಸೂಚಿಯ ಪ್ರತಿ ಸಾಲಿನಲ್ಲಿ ಆಫ್‌ಸೆಟ್, ಪುಟದ ಸಂಖ್ಯೆ, ಶೀರ್ಷಿಕೆ. ಇಡೀ ಸಂಗ್ರಹ ಬಿಚ್ಚದೆ, ಬೇಕಾದ ಲೇಖನವಿರುವ ನೂರು ಪುಟಗಳ ಕಂತೆಯನ್ನಷ್ಟೇ ತೆರೆಯಬಹುದು.

ನನ್ನ ಸ್ಕ್ರಿಪ್ಟ್ ಎರಡು ವರ್ಷ ಸರಿಯಾಗಿಯೇ ನಡೆದಿತ್ತು. ಆಗ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆಮೇಲೆ ಮಲಯಾಳಂ, ಕನ್ನಡ ಹೆಸರುಗಳೂ ಸೇರಿದವು. ಎಡವಟ್ಟಾಗಿದ್ದು ಅಲ್ಲಿ.

ನಾನು ಸಾಲಿನ ಉದ್ದವನ್ನು ಅಕ್ಷರಗಳಲ್ಲಿ ಎಣಿಸಿದ್ದೆ, ಬೈಟುಗಳಲ್ಲಿ ಅಲ್ಲ. ಇಂಗ್ಲಿಷಿನಲ್ಲಿ ಎರಡೂ ಒಂದೇ. ಯುಟಿಎಫ್-8ರಲ್ಲಿ ಕನ್ನಡ, ಮಲಯಾಳಂನ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಶಂಕರ’ ಕಣ್ಣಿಗೆ ಮೂರಕ್ಷರ; ಅನುಸ್ವಾರವನ್ನೂ ಸೇರಿಸಿ ಪೈಥಾನ್ ಎಣಿಸುವುದು 4; ಫೈಲಿನಲ್ಲಿ ಹಿಡಿಯುವ ಜಾಗ 12 ಬೈಟ್. ಅಂಥ ಒಂದು ಹೆಸರು ಬಂದರೆ ಅದರ ನಂತರದ ಪ್ರತಿಯೊಂದು ದಾಖಲೆಯ ಲೆಕ್ಕವೂ 8 ಬೈಟ್ ಹಿಂದೆ ಬೀಳುತ್ತದೆ. ಸಾವಿರಾರು ಹೆಸರು ದಾಟಿದ ಮೇಲೆ ಸ್ಕ್ರಿಪ್ಟ್ ಇಳಿಯುವುದು ಬೇರೆಯವರ ದಾಖಲೆಯ ನಡುವೆ. ಒಡೆದ ಅಕ್ಷರ ಸಿಕ್ಕರೆ ಬಿಟ್ಟು ಮುಂದೆ ಹೋಗು ಎಂದೂ ನಾನೇ ಬರೆದಿದ್ದೆ. ಹಾಗಾಗಿ ಅದು ಒಮ್ಮೆಯೂ ಕೂಗಿ ಹೇಳಲಿಲ್ಲ.

ರಾತ್ರಿಯ ಮೀಟಿಂಗಿನಲ್ಲಿ ‘ಹೆಸರುಗಳನ್ನು ಇಂಗ್ಲಿಷಿಗೇ ಮರಳಿಸೋಣ, ತಲೆನೋವು ತಪ್ಪುತ್ತೆ’ ಎಂಬ ಸಲಹೆ ಬಂತು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಕನ್ನಡದಲ್ಲೇ ಹೆಸರು ಬರೆಯುತ್ತಾ ಬಂದ ಮನೆಗಳು ನೆನಪಾದವು. ತಪ್ಪು ಅವರ ಲಿಪಿಯದಲ್ಲ, ನನ್ನ ಎಣಿಕೆಯದು ಎಂದೆ. ಒಂದು ಗಂಟೆ ಕೊಡಿ ಎಂದು ಕೇಳಿಕೊಂಡೆ.

ತಿದ್ದಿದ್ದು ಕೆಲವೇ ಸಾಲು. ಫೈಲನ್ನು ಬೈನರಿಯಾಗಿ ತೆರೆದು, ಪ್ರತಿ ಸಾಲು ಓದುವ ಮೊದಲು ‘ಟೆಲ್’ ಹೇಳುವ ಸ್ಥಾನವನ್ನೇ ಬರೆದುಕೊಂಡೆ. ಬೇಕಾದಾಗ ‘ಸೀಕ್’ ಮಾಡಿ, ಅಷ್ಟೇ ಬೈಟ್ ಓದಿ, ಕೊನೆಗೆ ಅಕ್ಷರಕ್ಕೆ ತಿರುಗಿಸಿದೆ. ಸಿಕ್ಕ ದಾಖಲೆಯ ಗ್ರಾಹಕ ಸಂಖ್ಯೆ ಕೇಳಿದ್ದಕ್ಕೆ ಹೊಂದದಿದ್ದರೆ ಕೆಲಸ ಅಲ್ಲೇ ನಿಲ್ಲುವಂತೆ ಮಾಡಿದೆ. ಫೈಲ್ ಬದಲಾದರೆ ಸೂಚಿಯನ್ನೂ ಹೊಸದಾಗಿ ಕಟ್ಟಬೇಕು. ಹಳೆಯದನ್ನು ನಂಬಿದರೆ ಮತ್ತದೇ ಕಥೆ.

ಬೆಳಿಗ್ಗೆ ನೆನಪೋಲೆಗಳು ಹೋದವು, ಹೆಸರು ಅವರವರ ಲಿಪಿಯಲ್ಲೇ. ಈಗ ಯಾವ ಸ್ಕ್ರಿಪ್ಟ್ ಬರೆದರೂ ಮೊದಲ ಪರೀಕ್ಷೆಗೆ ಕೊಡುವ ಹೆಸರು ಶಂಕರ.