ಸರದಿ ತಪ್ಪಿ ಇಳಿದ ಎಲೆ

ಬ್ರಿಜ್ ಕ್ಲಬ್ಬುಗಳಲ್ಲಿ ಆಗಾಗ ನಡೆಯುವ ಪ್ರಮಾದವೊಂದುಂಟು. ಕೂಗು ಮುಗಿದ ಮೇಲೆ ಮೊದಲ ಎಲೆ ಇಳಿಸಬೇಕಾದವರು ಡಿಕ್ಲೇರರ್, ಅಂದರೆ ಆಟ ನಡೆಸುವವರ ಎಡಗಡೆಯ ಎದುರಾಳಿ. ಅವರು ಯೋಚಿಸುತ್ತಿರುವಾಗಲೇ ಬಲಗಡೆಯವರು ಆಟೀನು ರಾಜನನ್ನು ಮೇಜಿನ ಮೇಲಿಟ್ಟುಬಿಡುತ್ತಾರೆ. ‘ಪರವಾಗಿಲ್ಲ, ಎತ್ತಿಕೊಳ್ಳಿ’ ಎಂದು ಆಟ ಮುಂದುವರಿಸುವುದು ಹಲವರ ರೂಢಿ. ನಿಯಮ ಇದನ್ನು ಒಪ್ಪುವುದಿಲ್ಲ.

ಕಾರಣ ಸರಳ. ಎಲೆ ಕೈಗೆ ಮರಳಬಹುದು. ಕಣ್ಣು ಕಂಡದ್ದು ಮರಳದು. ರಾಜ ಎಲ್ಲಿದ್ದಾನೆಂಬುದು ಜೊತೆಗಾರನಿಗೆ ತಿಳಿದುಹೋಯಿತು. ಕೂಗು ಮತ್ತು ಆಡಿದ ಎಲೆಗಳ ಮೂಲಕವಲ್ಲದೆ ಜೊತೆಗಾರರ ನಡುವೆ ಸುದ್ದಿ ಹರಿಯಬಾರದೆಂಬುದೇ ಈ ಆಟದ ಜೀವಾಳ.

ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ರೂಪಿಸಿದ ಕಾಂಟ್ರಾಕ್ಟ್ ಬ್ರಿಜ್‌ಗೆ 1932ರಲ್ಲೇ ಅಂತರರಾಷ್ಟ್ರೀಯ ನಿಯಮಗಳು ಬಂದವು. ವಿಶ್ವ ಬ್ರಿಜ್ ಒಕ್ಕೂಟದ 2017ರ ನಿಯಮಾವಳಿಯ ಉದ್ದೇಶವೂ ದಂಡನೆಯಲ್ಲ, ತಪ್ಪು ಮಾಡದವರಿಗೆ ಆಗಬಹುದಾದ ನಷ್ಟವನ್ನು ಸರಿಪಡಿಸುವುದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಡೈರೆಕ್ಟರನ್ನು ಕರೆಯಬೇಕು. ಅವರು ಡಿಕ್ಲೇರರ್ ಮುಂದೆ ಐದು ದಾರಿಗಳನ್ನಿಡುತ್ತಾರೆ. ಒಂದು, ತನ್ನ ಎಲೆಗಳನ್ನೇ ಹರಡಿ ತಾನು ಡಮ್ಮಿಯಾಗುವುದು. ಆಗ ಆಟ ನಡೆಸುವ ಹೊಣೆ ಜೊತೆಗಾರನದು. ಎರಡು, ಇಳಿದ ರಾಜನನ್ನು ಒಪ್ಪಿಕೊಂಡು, ಡಮ್ಮಿಯ ಎಲೆಗಳನ್ನು ನೋಡಿ, ತನ್ನ ಕೈಯಿಂದ ಎರಡನೆಯ ಎಲೆ ಆಡುವುದು. ಮೂರು, ಎಡಗಡೆಯವರು ಆಟೀನನ್ನೇ ಇಳಿಸಬೇಕೆನ್ನುವುದು. ನಾಲ್ಕು, ಸರದಿ ಅವರ ಕೈಯಲ್ಲಿರುವವರೆಗೂ ಆಟೀನು ಇಳಿಸಕೂಡದೆನ್ನುವುದು. ಈ ಎರಡರಲ್ಲೂ ರಾಜ ಕೈಗೆ ಮರಳುತ್ತಾನೆ. ಐದು, ಅವರು ತಮಗಿಷ್ಟವಾದ ಎಲೆ ಇಳಿಸಲೆಂದು ಬಿಡುವುದು. ಆಗ ರಾಜ ದಂಡದ ಎಲೆಯಾಗಿ ಮೇಜಿನ ಮೇಲೆ ಮುಖ ಮೇಲಾಗಿಯೇ ಉಳಿಯುತ್ತಾನೆ, ನಿಯಮಬದ್ಧವಾಗಿ ಆಡಬಹುದಾದ ಮೊದಲ ಅವಕಾಶದಲ್ಲೇ ಅವನನ್ನು ಆಡಬೇಕು.

ಆಯ್ಕೆ ಡಿಕ್ಲೇರರ್ ಒಬ್ಬರದೇ. ಜೊತೆಗಾರನ ಸಲಹೆ ಕೇಳುವಂತಿಲ್ಲ. ಡಮ್ಮಿ ಆತುರಪಟ್ಟು ಎಲೆ ಹರಡಿ, ಅದರಲ್ಲೊಂದು ಡಿಕ್ಲೇರರ್ ಕಣ್ಣಿಗೆ ಬಿದ್ದಿರಬಹುದಾದರೂ ಸಾಕು, ಇಳಿದ ಎಲೆಯನ್ನು ಒಪ್ಪಲೇಬೇಕಾಗುತ್ತದೆ.

ಉದಾರತೆಗೆ ಇಲ್ಲಿ ಎಡೆಯೇ ಇಲ್ಲವೇ? ಉಂಟು. ಸಕಾರಣವಿದ್ದು ನಷ್ಟಕ್ಕೊಳಗಾದವರೇ ಕೇಳಿಕೊಂಡರೆ ಡೈರೆಕ್ಟರ್ ಪರಿಹಾರವನ್ನು ಕೈಬಿಡಬಹುದು. ಆದರೆ ಅದು ಮೇಜಿನಲ್ಲೇ ತೀರ್ಮಾನವಾಗುವ ಮಾತಲ್ಲ. ಡೂಪ್ಲಿಕೇಟ್ ಪಂದ್ಯದಲ್ಲಿ ಅವೇ ಎಲೆಗಳನ್ನು ಬೇರೆ ಮೇಜುಗಳಲ್ಲೂ ಆಡಿ ಅಂಕ ಹೋಲಿಸುತ್ತಾರೆ. ಒಬ್ಬರ ದಾಕ್ಷಿಣ್ಯದ ಬೆಲೆಯನ್ನು ಅಲ್ಲಿ ಕುಳಿತವರು ತೆರಬೇಕಾದೀತು.

ಈ ತೊಡಕಿಗೆ ಸುಲಭದ ತಡೆಯನ್ನೂ ನಿಯಮವೇ ಹೇಳಿದೆ: ಮೊದಲ ಎಲೆಯನ್ನು ಬೋರಲಾಗಿ ಇಡುವುದು. ಸರದಿ ತಪ್ಪಿದ್ದರೂ ಅದನ್ನು ಡೈರೆಕ್ಟರ್ ಸೂಚನೆಯಂತೆ ಹಿಂದೆಗೆದುಕೊಳ್ಳಬಹುದು. ಎಲೆಯ ಮುಖ ಯಾರೂ ಕಂಡಿಲ್ಲವಾದ್ದರಿಂದ ಯಾರಿಗೂ ನಷ್ಟವಿಲ್ಲ.